ಆಲ್ದೂರಿನ ತೋಟದಲ್ಲಿ ಯುವಜನರ ಶಿಬಿರ: ಕಾಫಿ ಹೂವು, ಮಳೆ, ಪ್ರಶ್ನೆ ಡಬ್ಬ

ಈಸ್ಟರ್ ಮುಗಿದ ವಾರ ನಮ್ಮ ಹಾಸನದ ಚರ್ಚಿನ ಹುಡುಗ ಹುಡುಗಿಯರನ್ನು ಕರೆದುಕೊಂಡು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಒಂದು ಯುವಜನರ ಶಿಬಿರಕ್ಕೆ ಹೋಗಿ ಬಂದೆ. ನಾನಾಗಿ ಆಸೆಪಟ್ಟು ಹೊರಟವಳಲ್ಲ. ಹೆಣ್ಣುಮಕ್ಕಳ ಜೊತೆ ದೊಡ್ಡವರು ಒಬ್ಬರು ಇರಲೇಬೇಕು ಅಂತ ಫಾದರ್ ಹಟ ಹಿಡಿದರು. "ಶಾಲೆಗೆ ರಜೆ, ಮಗಳೂ ಬರ್ತಿದ್ದಾಳೆ, ನೀವೇ ಬಂದ್ಬಿಡಿ ಮೇಡಂ" ಅಂದರು. ಮಕ್ಕಳನ್ನು ತಲೆ ಎಣಿಸಿ ಬಸ್ಸು ಹತ್ತಿಸುವುದು ನನಗೆ ದಿನದ ಕೆಲಸ. ಸರಿ ಅಂದೆ.

ಇಂಥ ಶಿಬಿರಗಳ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಪಿಯುಸಿಯಲ್ಲಿದ್ದಾಗ ನಾನೂ ಹೋಗಿದ್ದೆ. ಕೊನೆಯ ರಾತ್ರಿ ಬೆಂಕಿ ಸುತ್ತ ಕೂತು ಎಲ್ಲರೂ ಅತ್ತಿದ್ದೆವು. ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಯಾಕೆ ಅತ್ತೆವು ಅನ್ನುವುದೇ ಮರೆತುಹೋಗಿತ್ತು. ಅವತ್ತು ನನ್ನ ಜೊತೆ ಅತ್ತವರಲ್ಲಿ ಒಬ್ಬಳು ಸಿಸ್ಟರ್ ಆದಳು. ಒಬ್ಬ ಗಿಟಾರು, ಡ್ರಮ್ಮು ಇರುವ ಬೇರೆ ಸಭೆ ಸೇರಿದ. ಉಳಿದವರು ಮದುವೆಗೋ ಸಾವಿಗೋ ಚರ್ಚಿಗೆ ಬಂದಾಗ ಸಿಗುತ್ತಾರೆ. ಮಕ್ಕಳನ್ನು ಹಾಡಿಸಿ, ನಿದ್ದೆಗೆಡಿಸಿ, ಅಳಿಸಿ ಕಳಿಸಿದರೆ ನಂಬಿಕೆ ಗಟ್ಟಿಯಾಗುತ್ತಾ? ಈ ಕೊಂಕು ಇಟ್ಟುಕೊಂಡೇ ಬಸ್ಸು ಹತ್ತಿದೆ.

ಗುರುವಾರ

ಆಲ್ದೂರಿಗೆ ಹೋಗಬೇಕಾದವರು ಬೇಲೂರು ರಸ್ತೆ ಹಿಡಿಯಬೇಕು. ಆದರೆ ನಮ್ಮ ಬಸ್ಸು ಬೆಳಿಗ್ಗೆ ಆರಕ್ಕೇ ಬೇರೆ ದಿಕ್ಕಿಗೆ ಹೊರಟಿತು. ಶೆಟ್ಟಿಹಳ್ಳಿ ಚರ್ಚು ತೋರಿಸದೆ ಕರೆದುಕೊಂಡು ಹೋದರೆ ಬರುವುದೇ ಇಲ್ಲ ಅಂತ ಹುಡುಗರು ಫಾದರ್‌ಗೆ ಬೆದರಿಕೆ ಹಾಕಿದ್ದರಂತೆ. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಕೊನೆಯ ತುಂಡು ರಸ್ತೆ ಕಿರಿದು. ದೊಡ್ಡ ಬಸ್ಸು ತಿರುಗಿಸಲು ಡ್ರೈವರ್ ಪಟ್ಟ ಪಾಡು ನೋಡಿದ ಮೇಲೆ ಹೇಳುತ್ತೇನೆ, ಅಲ್ಲಿಗೆ ಕಾರಲ್ಲೋ ಬೈಕಲ್ಲೋ ಹೋಗುವುದೇ ವಾಸಿ.

ಏಪ್ರಿಲ್ ಆದ್ದರಿಂದ ಹಿನ್ನೀರು ದೂರ ಸರಿದಿತ್ತು. ಒಣಗಿ ಬಿರಿದ ಕೆಸರಿನ ಮೇಲೆ ನಡೆದು ಹೋಗಬಹುದಿತ್ತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಇದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಸುತ್ತಲ ಹಳ್ಳಿಗಳವರು ಎದ್ದುಹೋದರು, ಚರ್ಚು ನೀರಲ್ಲಿ ಉಳಿಯಿತು. ಪ್ರತಿ ಮಳೆಗಾಲ ಮುಳುಗುತ್ತದೆ, ಬೇಸಿಗೆಗೆ ಎದ್ದು ನಿಲ್ಲುತ್ತದೆ. ಮಾಡು ಇಲ್ಲ. ಕಮಾನುಗಳು ವರ್ಷ ವರ್ಷ ಉದುರುತ್ತಿವೆ. ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುವ ಸಾಹಸ ಬೇಡ, ಗಾರೆ ಕೈಗೇ ಬರುತ್ತದೆ. ಅಂಗಡಿ ಪಂಗಡಿ ಏನೂ ಇಲ್ಲ, ಕುಡಿಯುವ ನೀರು ನೀವೇ ತರಬೇಕು.

ಹುಡುಗರು ರೀಲ್ಸ್ ಮಾಡುತ್ತಿದ್ದರು. ನಾನು ಎಮ್ಮೆ ಮೇಯಿಸುತ್ತಿದ್ದ ಒಬ್ಬ ಹಿರಿಯರ ಹತ್ತಿರ ನಿಂತೆ. ಅವರು ಕ್ರಿಶ್ಚಿಯನ್ ಅಲ್ಲ. ಆದರೂ ಚಿಕ್ಕವರಿದ್ದಾಗ ಕ್ರಿಸ್‌ಮಸ್‌ಗೆ ಇಲ್ಲಿಗೆ ಬಂದು ಕೇಕು ತಿಂದದ್ದು ನೆನಪಿದೆ ಅಂದರು.

"ಜನ ಹೋದ್ರಲ್ಲ, ಬೇರೆ ಕಡೆ ಚರ್ಚು ಕಟ್ಕೊಂಡ್ರಾ?" ಅಂತ ಕೇಳಿದೆ.

"ಕಟ್ಕೊಳ್ದೆ ಇರ್ತಾರಾ ಅಕ್ಕ. ಮನೆ ಕಟ್ಕೊಂಡ್ರು, ಗುಡೀನೂ ಕಟ್ಕೊಂಡ್ರು. ಇದು ಬರೀ ಕಲ್ಲು, ಗಾರೆ" ಅಂದರು. ಆಮೇಲೆ, "ನೋಡೋಕೆ ಮಾತ್ರ ಇಲ್ಲಿಗೇ ಬರ್ತಾರೆ" ಅಂತ ನಕ್ಕರು.

ಬೇಲೂರಲ್ಲಿ ಊಟ, ಚನ್ನಕೇಶವನಿಗೆ ಹೊರಗಿಂದಲೇ ಒಂದು ನೋಟ. ಚಿಕ್ಕಮಗಳೂರಲ್ಲಿ ಕಡೂರು, ತರೀಕೆರೆ ಕಡೆಯ ಮಕ್ಕಳು ಹತ್ತಿಕೊಂಡರು. ನಮ್ಮ ಧರ್ಮಕ್ಷೇತ್ರದ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶದ, ಲೆಕ್ಕದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಒಂದೇ. 1963ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆಯಿತು. ಬಯಲುಸೀಮೆಯ ಕನ್ನಡ ಮಕ್ಕಳು, ತೋಟಗಳ ಕೊಂಕಣಿ ಮಕ್ಕಳು, ತೋಟದ ಕೂಲಿಯವರ ಲೈನ್ ಮನೆಗಳಿಂದ ಬಂದ ತಮಿಳು ಮಕ್ಕಳು, ಎಲ್ಲ ಒಂದೇ ಬಸ್ಸಲ್ಲಿ. ಮೊದಲ ಅರ್ಧ ಗಂಟೆ ಮೂರು ಗುಂಪಾಗಿ ಕೂತಿದ್ದರು. ಆಮೇಲೆ ಯಾರೋ ಅಂತ್ಯಾಕ್ಷರಿ ಶುರು ಮಾಡಿದರು, ಅಲ್ಲಿಗೆ ಗುಂಪು ಒಡೆಯಿತು.

ಆಲ್ದೂರು ದಾಟಿ ತೋಟದ ರಸ್ತೆಗೆ ಇಳಿಯುವ ಮುಂಚೆ ಬಸ್ಸು ನಿಂತಿತು. ಮುಂದೆ ಜೀಪು, ಬೈಕುಗಳ ಸಾಲು. ಆನೆ ದಾಟುತ್ತಿದೆಯಂತೆ. ಆನೆ ನಮಗೆ ಕಾಣಲಿಲ್ಲ. ಬಿದಿರು ಮುರಿಯುವ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಬೈಕಿನವನೊಬ್ಬ ಮೊಬೈಲ್ ತೋರಿಸಿದ. ಆನೆ ಎಲ್ಲಿದೆ ಅಂತ ಊರವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಮೆಸೇಜ್ ಬರುತ್ತಲೇ ಇತ್ತು. ಈ ಕಡೆ ಬರುವವರು ಕತ್ತಲಾಗುವ ಮುಂಚೆ ಜಾಗ ಸೇರಿಕೊಳ್ಳಿ. ನಾವು ಸೇರುವಾಗ ಏಳು ಗಂಟೆ ದಾಟಿತ್ತು.

ಬಸ್ಸಿನ ಬಾಗಿಲು ತೆಗೆದದ್ದೇ ತಡ, ವಾಸನೆ ಹೊಡೆಯಿತು. ಕಾಫಿ ಹೂವು. ಮಲ್ಲಿಗೆಗಿಂತ ಸ್ವಲ್ಪ ಮಂದ, ಆದರೆ ಗಾಳಿಯ ತುಂಬಾ ಅದೇ. ಕತ್ತಲಲ್ಲೂ ಗಿಡಗಳು ಬೆಳ್ಳಗೆ ಕಾಣುತ್ತಿದ್ದವು. ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ, ಬಿದ್ದು ಒಂಬತ್ತು ದಿನ ಆಗಿತ್ತಂತೆ.

ಶುಕ್ರವಾರ

ಬೆಳಿಗ್ಗೆ ಐದೂವರೆಗೆ ಗಂಟೆ. ಏಪ್ರಿಲ್ ಅಂತ ಸ್ವೆಟರ್ ಬಿಟ್ಟು ಬಂದ ಬಯಲುಸೀಮೆ ಮಕ್ಕಳು ಬೆಡ್‌ಶೀಟ್ ಹೊದ್ದುಕೊಂಡೇ ಪ್ರಾರ್ಥನೆಗೆ ಬಂದರು. ಫೋನುಗಳನ್ನೆಲ್ಲ ಹಿಂದಿನ ರಾತ್ರಿಯೇ ಒಂದು ದೊಡ್ಡ ಅಕ್ಕಿ ಡಬ್ಬಕ್ಕೆ ಹಾಕಿಸಿ ಬೀಗ ಹಾಕಿದ್ದರು. ಹಾಗೆ ನೋಡಿದರೆ ಅಲ್ಲಿ ಬಿಎಸ್‌ಎನ್‌ಎಲ್ ಬಿಟ್ಟು ಯಾವುದಕ್ಕೂ ಸಿಗ್ನಲ್ ಇರಲಿಲ್ಲ. ಆದರೂ ಫೋನು ಕೊಡುವಾಗ ಕೆಲವರ ಮುಖ ನೋಡಬೇಕಿತ್ತು.

ಶಿಬಿರದ ದಿನಚರಿ ನಮ್ಮ ಕಾಲದ್ದೇ. ಆಕ್ಷನ್ ಸಾಂಗು, ಆಟ, ಉಪನ್ಯಾಸ, ಗುಂಪು ಚರ್ಚೆ, ಜಪಸರ, ಪೂಜೆ (ನಾವು ಪೂಜೆ ಅನ್ನುವುದು ಚರ್ಚಿನ ಮಾಸ್‌ಗೆ). ಬದಲಾಗಿರುವುದು ಹಾಡು. ನಾವು ಹಾರ್ಮೋನಿಯಂ ಜೊತೆ ಹಾಡುತ್ತಿದ್ದೆವು. ಈಗ ಕೀಬೋರ್ಡು, ಕಹೋನ್ ಅನ್ನುವ ಪೆಟ್ಟಿಗೆಯಂಥ ಡ್ರಮ್ಮು, ಪ್ರೊಜೆಕ್ಟರಿನಲ್ಲಿ ಸಾಲುಗಳು. ಕೈ ಎತ್ತಿ, ಕಣ್ಣು ಮುಚ್ಚಿ ಹಾಡುವ ರೀತಿ. ಇದೆಲ್ಲ ಪೆಂಟೆಕೋಸ್ಟಲ್ ಸಭೆಗಳಿಂದ ಬಂದದ್ದು ಅಂತ ನನ್ನ ಪಕ್ಕ ಕೂತಿದ್ದ ಹಿರಿಯ ಸಿಸ್ಟರ್ ಮುಖ ಸಿಂಡರಿಸಿದರು.

ಮಧ್ಯಾಹ್ನ ತೋಟದಲ್ಲಿ ನಡೆಯುವಾಗ ಈ ಮಾತು ಬಂತು. ನಮ್ಮ ಜೊತೆ ಇದ್ದ ಬ್ರದರ್, ಅಂದರೆ ಫಾದರ್ ಆಗಲು ಗುರುಮಠದಲ್ಲಿ ಓದುತ್ತಿರುವ ಹುಡುಗ, ವಿಷಯ ತಿಳಿದುಕೊಂಡವನು. "ಅದು ಪೂರ್ತಿ ಹೊರಗಿನದಲ್ಲ ಮಿಸ್" ಅಂದ. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡ್ಯೂಕೇನ್ ವಿಶ್ವವಿದ್ಯಾಲಯದ ಕೆಲವು ಕ್ಯಾಥೊಲಿಕ್ ವಿದ್ಯಾರ್ಥಿಗಳು ವಾರದ ಕೊನೆಗೆ ಒಂದು ಧ್ಯಾನಕೂಟಕ್ಕೆ ಹೋಗಿದ್ದರು. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕ್ಯಾಥೊಲಿಕರ ಕರಿಸ್ಮ್ಯಾಟಿಕ್ ಪ್ರಾರ್ಥನೆ ಶುರುವಾದದ್ದು ಅಲ್ಲಿಂದ. ಕೈ ಎತ್ತಿ ಹಾಡುವುದು ನಮ್ಮ ಹಳ್ಳಿ ಚರ್ಚಿನವರೆಗೂ ಬಂದದ್ದು ಆ ದಾರಿಯಲ್ಲಿ. ಒಂದು ಶಿಬಿರದ ಪರಿಣಾಮ ಅಂದರೆ ಹಾಗಿರಬೇಕು, ಅಲ್ವಾ! ಸಾಯಂಕಾಲ ಹಾಡಿಸಿದ ನಿಧಾನದ ಹಾಡುಗಳು, ಒಂದೇ ಸಾಲು ಮತ್ತೆ ಮತ್ತೆ ಬರುವಂಥವು, ಫ್ರಾನ್ಸಿನ ತೇಜೆ ಅನ್ನುವ ಹಳ್ಳಿಯವು. ಬ್ರದರ್ ರೋಜೆ ಅನ್ನುವವರು 1940ರಲ್ಲಿ ಅಲ್ಲಿ ನೆಲೆ ನಿಂತು ಒಂದು ಸಮುದಾಯ ಕಟ್ಟಿದರು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಎರಡೂ ಕಡೆಯವರು ಅಲ್ಲಿ ಒಟ್ಟಿಗೆ ಇರುತ್ತಾರೆ. ಬೇಸಿಗೆಯಲ್ಲಿ ಸಾವಿರಾರು ಯುವಕರು ಅಲ್ಲಿಗೆ ಹೋಗಿ ಟೆಂಟು ಹಾಕಿಕೊಂಡು ವಾರಗಟ್ಟಲೆ ಇರುತ್ತಾರಂತೆ. ಸಿಸ್ಟರ್‌ಗೆ ಇದು ಹಿಡಿಸಿತು. ಗದ್ದಲವಿಲ್ಲದ ಹಾಡು ಅಂದರೆ ಅವರಿಗೂ ಇಷ್ಟ.

ಊಟದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಡುಗೆಮನೆಯಲ್ಲಿ ನಾಲ್ಕು ಜನ ಹೆಂಗಸರು, ಎಲ್ಲರೂ ಹತ್ತಿರದ ಊರಿನವರು. ನೂರು ಚಿಲ್ಲರೆ ಮಕ್ಕಳಿಗೆ ಅಕ್ಕಿ ರೊಟ್ಟಿ ಮಾಡುತ್ತಿದ್ದರು! ಹಿಟ್ಟನ್ನು ಕುದಿಯುವ ನೀರಲ್ಲಿ ಉಕ್ಕರಿಸಿ, ಬಿಸಿ ಇರುವಾಗಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿ ಮೇಲೆ ಎರಡು ಕಡೆ ತಿರುವಿ, ಕೊನೆಗೆ ಕೆಂಡದ ಮೇಲೆ ಎಸೆದರೆ ರೊಟ್ಟಿ ಉಬ್ಬುತ್ತಿತ್ತು. ಜೊತೆಗೆ ಎಳೆ ಹಲಸಿನಕಾಯಿ ಪಲ್ಯ, ಜೀರಿಗೆ ಮೆಣಸಿನ ಚಟ್ನಿ. ಹಾಸನದ ಹುಡುಗನೊಬ್ಬ ಚಟ್ನಿಯನ್ನು ಅನ್ನದ ಹಾಗೆ ಬಾಚಿ ತಿಂದು ಕಣ್ಣಲ್ಲಿ ನೀರು ಹಾಕಿಕೊಂಡ. ಶಿಬಿರದ ಮೊದಲ ಕಣ್ಣೀರು ಅದೇ.

ರಾತ್ರಿ ಊಟದ ಮುಂಚೆ ಪ್ರಶ್ನೆ ಡಬ್ಬ ತೆರೆದರು. ಬಿಸ್ಕೆಟಿನ ಹಳೇ ತಗಡಿನ ಡಬ್ಬ, ಮುಚ್ಚಳದಲ್ಲಿ ಒಂದು ಸೀಳು. ಹೆಸರು ಬರೆಯದೆ ಯಾರು ಏನು ಬೇಕಾದರೂ ಕೇಳಬಹುದು. ನನಗೆ ಇದು ಹೊಸದು. ನಮ್ಮ ಕಾಲದಲ್ಲಿ ಕೇಳುವುದು ಅವರು, ಉತ್ತರ ಹೇಳುವುದು ನಾವು. ಫಾದರ್ ಒಂದೊಂದೇ ಚೀಟಿ ಬಿಡಿಸಿ ಓದಿದರು.

"ಪಾಪನಿವೇದನೆ ಫಾದರ್‌ಗೇ ಯಾಕೆ ಮಾಡಬೇಕು, ನೇರ ದೇವರಿಗೆ ಹೇಳಿದರೆ ಸಾಲದಾ?" "ಜಪಸರ ಹೇಳುವಾಗ ನಿದ್ದೆ ಬರುತ್ತೆ, ಪಾಪಾನಾ?" ಎಲ್ಲರೂ ನಕ್ಕರು. "ಬೇರೆ ಧರ್ಮದ ಹುಡುಗಿಯನ್ನು ಇಷ್ಟಪಟ್ಟರೆ ತಪ್ಪಾ?" ನಗು ಇನ್ನೂ ಜೋರಾಯಿತು. ಮುಂದಿನದಕ್ಕೆ ಯಾರೂ ನಗಲಿಲ್ಲ. "ನಮ್ಮಪ್ಪ ಕುಡಿದು ಬಂದು ಅಮ್ಮನಿಗೆ ಹೊಡೀತಾರೆ. ತಂದೆ ತಾಯಿಯನ್ನು ಗೌರವಿಸು ಅಂತ ಕಟ್ಟಳೆ ಇದೆ. ನಾನು ಏನು ಮಾಡಲಿ?"

ಫಾದರ್ ಆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಇದಕ್ಕೆ ಮೈಕಲ್ಲಿ ಉತ್ತರ ಹೇಳಲ್ಲ. ಬರೆದವರು ಯಾರೇ ಇರಲಿ, ನನ್ನ ಹತ್ರನೋ ಸಿಸ್ಟರ್ ಹತ್ರನೋ ಬನ್ನಿ. ಹೊಡೆಸಿಕೊಳ್ಳೋದು ಗೌರವ ಅಲ್ಲ, ಇಷ್ಟು ಮಾತ್ರ ಈಗ್ಲೇ ಹೇಳ್ತೀನಿ" ಅಂದರು. ಆ ಫಾದರ್ ಬಗ್ಗೆ ನನಗಿದ್ದ ಅಭಿಪ್ರಾಯ ಅಲ್ಲೇ ಬದಲಾಯಿತು. ಅಲ್ಲಿಯವರೆಗೆ ಬರೀ ಜೋಕು ಹೊಡೆಯುವವರು ಅಂದುಕೊಂಡಿದ್ದೆ.

ಕೊನೆಯ ಚೀಟಿ ಮಲೆನಾಡಿನದೇ. "ನಮ್ಮ ತೋಟದಲ್ಲಿ ಹೂವಾಗಿ ಮೂರು ವಾರ ಆಯ್ತು. ಅಪ್ಪ ಮಳೆಗೆ ಪ್ರಾರ್ಥನೆ ಮಾಡ್ತಾ ಇದ್ದಾರೆ. ಇಲ್ಲಿ ನಾಳೆ ಕ್ಯಾಂಪ್‌ಫೈರ್‌ಗೆ ಮಳೆ ಬರಬಾರದು ಅಂತ ಬೆಳಿಗ್ಗೆ ನಮ್ಮ ಕೈಲೇ ಪ್ರಾರ್ಥನೆ ಮಾಡಿಸಿದ್ರಿ. ದೇವರು ಯಾರ ಮಾತು ಕೇಳಬೇಕು?"

ಪಕ್ಕದ ತೋಟದ ರೈಟರು, ಅಂದರೆ ತೋಟದ ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವವರು, ಹಿಂದೆ ನಿಂತು ಕೇಳುತ್ತಿದ್ದರು. ಅವರು ಹಿಂದೂಗಳು, ಜನರೇಟರ್ ರಿಪೇರಿಗೆ ಅಂತ ಬಂದವರು. ಗಟ್ಟಿಯಾಗಿ ನಕ್ಕು, "ಒಳ್ಳೇ ಪ್ರಶ್ನೆ ಕಣಯ್ಯ" ಅಂದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಹೂಮಳೆ ಬಿದ್ದು ಹೂವಾದ ಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಅದು ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಆದರೆ ಹೂವು ಅರಳಿರುವ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಹೂವು ಹಾಳು. "ಈ ತೋಟಕ್ಕೆ ಬೇಡ, ಆ ತೋಟಕ್ಕೆ ಬೇಕು. ಮಧ್ಯೆ ಒಂದು ಬೇಲಿ ಅಷ್ಟೇ ಮೇಡಂ."

ಫಾದರ್ ಆ ಪ್ರಶ್ನೆಗೆ ಸಿದ್ಧ ಉತ್ತರ ಕೊಡಲಿಲ್ಲ. "ರಾತ್ರಿ ಎಲ್ಲರೂ ಇದರ ಮೇಲೆ ತಲೆ ಕೆಡಿಸಿಕೊಳ್ಳಿ" ಅಂದರು. ಹುಡುಗರು ಹನ್ನೊಂದು ಗಂಟೆವರೆಗೂ ಡಾರ್ಮಿಟರಿಯಲ್ಲಿ ಜಗಳವಾಡುತ್ತಿದ್ದದ್ದು ನಮ್ಮ ಕೋಣೆಗೆ ಕೇಳಿಸುತ್ತಿತ್ತು.

ಶನಿವಾರ

ನಸುಕಿಗೇ ಎದ್ದು ಮುಳ್ಳಯ್ಯನಗಿರಿಗೆ. ದೊಡ್ಡ ಬಸ್ಸು ಮೇಲೆ ಹೋಗುವುದಿಲ್ಲ, ಊರಿಂದ ಜೀಪು ಮಾಡಿಕೊಂಡೆವು. ವಾರದ ಕೊನೆಗೆ ಹೋಗುವವರು ಗಾಡಿಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ, ಕೈಮರದ ಚೆಕ್‌ಪೋಸ್ಟಿನಲ್ಲಿ ಕಾಯುವುದು ಯಾರಿಗೂ ಬೇಡ. ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಖಾಲಿ ಹೊಟ್ಟೆ ಒಳ್ಳೆಯದಲ್ಲ. ಎರಡು ಬನ್ನು ತಿನ್ನಿಸಿ ಹತ್ತಿಸಿದೆ, ಒಬ್ಬರೂ ವಾಂತಿ ಮಾಡಲಿಲ್ಲ.

ಕರ್ನಾಟಕದ ಅತಿ ಎತ್ತರದ ಬೆಟ್ಟ, ಸುಮಾರು 1,930 ಮೀಟರ್. ಮೆಟ್ಟಿಲು ಹತ್ತುವಾಗ ಗಾಳಿ ಎಷ್ಟಿತ್ತೆಂದರೆ ಮಗಳ ದುಪಟ್ಟಾ ಹಾರಿ ಹಿಂದಿನವರ ಮುಖಕ್ಕೆ ಸುತ್ತಿಕೊಂಡಿತು. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ. ನಮ್ಮವರು ಚಪ್ಪಲಿ ಬಿಟ್ಟು, ಬದಿಯಲ್ಲಿ ಕಟ್ಟೆಯ ಕೆಳಗೆ ಕೂತರು. ಬ್ರದರ್ ಅಲ್ಲಿ ಪಿಯೆರ್ ಜಾರ್ಜೊ ಫ್ರಸ್ಸಾತಿಯ ಕತೆ ಹೇಳಿದ. ಇಟಲಿಯ ತೂರಿನ್ ಊರಿನ ಹುಡುಗ, ಶ್ರೀಮಂತರ ಮನೆಯವನು, ಬೆಟ್ಟ ಹತ್ತುವುದೆಂದರೆ ಹುಚ್ಚು. ಮನೆಯವರಿಗೂ ಹೇಳದೆ ಬಡವರ ಮನೆಗಳಿಗೆ ಔಷಧಿ, ದುಡ್ಡು ಕೊಡುತ್ತಿದ್ದ. 1925ರಲ್ಲಿ ಪೋಲಿಯೋ ಬಂದು 24ನೇ ವಯಸ್ಸಿಗೆ ಸತ್ತ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಅವತ್ತೇ ಕಾರ್ಲೊ ಅಕುಟಿಸ್‌ನನ್ನೂ. ಅವನು ಕಂಪ್ಯೂಟರ್ ಹುಚ್ಚಿನ ಹುಡುಗ, 2006ರಲ್ಲಿ 15ನೇ ವಯಸ್ಸಿಗೆ ಲುಕೇಮಿಯಾದಿಂದ ತೀರಿಕೊಂಡವನು. ಜೀನ್ಸು, ಶೂ ಹಾಕಿರುವ ಸಂತನ ಚಿತ್ರ ನೋಡಿ ಹುಡುಗರಿಗೆ ಖುಷಿ. ನಮಗೆ ತೋರಿಸುತ್ತಿದ್ದ ಸಂತರೆಲ್ಲ ಗಡ್ಡದವರು, ನಿಲುವಂಗಿಯವರು.

ಕೆಳಗಿಳಿಯುವಾಗ ತರೀಕೆರೆ ಕಡೆಯ ಒಬ್ಬ ಅಜ್ಜಿ ನಮ್ಮ ಹುಡುಗಿಯರನ್ನು ಹಿಡಿದುಕೊಂಡರು. "ಯಾವ ಕಾಲೇಜಮ್ಮ ನೀವು?"

"ಕಾಲೇಜಲ್ಲ ಅಜ್ಜಿ, ಚರ್ಚಿನ ಕ್ಯಾಂಪು."

"ಏನ್ ಹೇಳ್ಕೊಡ್ತಾರೆ ಅಲ್ಲಿ?"

"ಹಾಡು, ಪ್ರಾರ್ಥನೆ. ಪ್ರಶ್ನೆ ಕೇಳ್ಬಹುದು."

ಅಜ್ಜಿ ಚೀಲದಿಂದ ಚಕ್ಕುಲಿ ತೆಗೆದು ಎಲ್ಲರ ಕೈಗೂ ಒಂದೊಂದು ಹಾಕಿದರು. "ನಮ್ ಮೊಮ್ಮಕ್ಕಳನ್ನ ಭಜನೆಗೆ ಕರೆದ್ರೆ, ಅಲ್ಲಿ ಬರೀ ಮುದುಕ್ರೇ ಇರ್ತಾರೆ ಅಂತಾರೆ. ವಾರಗೆಯವರು ಇದ್ರೆ ಬರ್ತಿದ್ರೇನೋ" ಅಂದರು. ಜೀಪಿನಲ್ಲಿ ಈ ಮಾತು ನನ್ನ ತಲೆಯಲ್ಲೇ ಸುತ್ತುತ್ತಿತ್ತು.

ಯಾಕೆಂದರೆ ಪಕ್ಕದಲ್ಲಿ ಕೂತಿದ್ದ ಹುಡುಗ ಅದನ್ನೇ ಬೇರೆ ರೀತಿ ಹೇಳಿದ. ಬಾಳೆಹೊನ್ನೂರು ಕಡೆಯ ತೋಟದವನು, ಮೊದಲೆರಡು ದಿನ ಬಾಯೇ ಬಿಟ್ಟಿರಲಿಲ್ಲ. ಅವರ ಊರಿನ ಚಿಕ್ಕ ಚರ್ಚಿನಲ್ಲಿ ತಿಂಗಳಿಗೊಮ್ಮೆ ಪೂಜೆ. ಬರುವವರು ಹತ್ತು ಹನ್ನೆರಡು ಮನೆಯವರು, ಹೆಚ್ಚಿನವರು ವಯಸ್ಸಾದವರು. "ನಮ್ಮ ಕ್ಲಾಸಲ್ಲಿ ನಾನೊಬ್ನೇ ಕ್ರಿಶ್ಚಿಯನ್ ಆಂಟಿ. ಯಾರೂ ಏನೂ ಅನ್ನಲ್ಲ. ಆದ್ರೆ ಇದೆಲ್ಲ ಅಜ್ಜಿ ಕಾಲದ್ದು, ನಂದಲ್ಲ ಅನ್ಸೋದು. ಇಲ್ಲಿ ನನ್ ವಯಸ್ಸಿನವ್ರು ಇಷ್ಟು ಜನ ಶಿಲುಬೆ ಗುರುತು ಹಾಕೋದು ಫಸ್ಟ್ ಟೈಮ್ ನೋಡಿದ್ದು" ಅಂದ.

ನನ್ನ ಕೊಂಕು ಅಲ್ಲಿಗೆ ಸ್ವಲ್ಪ ಮೆತ್ತಗಾಯಿತು. ನಾನು ಬೆಳೆದದ್ದು ಹಾಸನ ಪೇಟೆಯಲ್ಲಿ, ಚರ್ಚಿನ ಪಕ್ಕದ ಬೀದಿಯಲ್ಲಿ. ಜೊತೆಗೆ ಯಾರಾದರೂ ಇದ್ದೇ ಇರುತ್ತಿದ್ದರು. ಈ ಹುಡುಗನಿಗೆ ಉಪನ್ಯಾಸ ಏನು ಕೊಟ್ಟಿತೋ ಗೊತ್ತಿಲ್ಲ, ವಾರಗೆಯವರನ್ನಂತೂ ಶಿಬಿರ ಕೊಟ್ಟಿತು. ತೋಟಗಳಲ್ಲಿ ಚದುರಿ ಹೋಗಿರುವ ಮಕ್ಕಳಿಗೆ ಅದು ಸಣ್ಣ ವಿಷಯವಲ್ಲ.

ಸಾಯಂಕಾಲ ನಾಲ್ಕಕ್ಕೆ ಪಡುವಣ ಕಪ್ಪಾಯಿತು. ರೈಟರು ಬೇಲಿ ಪಕ್ಕ ಬಂದು ಆಕಾಶ ನೋಡಿ ಹೋದರು. ಅಂಗಳದಲ್ಲಿ ಕ್ಯಾಂಪ್‌ಫೈರ್‌ಗೆ ಸಿಲ್ವರ್ ಮರದ ತುಂಡು ಜೋಡಿಸಿ ಆಗಿತ್ತು. ಯಾರು ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಅನುಭವ, ಹೇಳಬೇಕು, ಯಾವಾಗ ದೀಪ ಆರಿಸಬೇಕು, ಯಾವ ಹಾಡಿಗೆ ಮೇಣದಬತ್ತಿ ಹಚ್ಚಬೇಕು, ಎಲ್ಲ ಒಂದು ಹಾಳೆಯಲ್ಲಿ ಬರೆದಿತ್ತು. ಆ ಹಾಳೆ ನೋಡಿ ನನಗೆ ನಗು ಬಂತು. ನಮ್ಮನ್ನೂ ಹೀಗೇ ಅಳಿಸಿದ್ದರು, ಹಾಳೆ ಇತ್ತು ಅಂತ ನಮಗೆ ಗೊತ್ತಿರಲಿಲ್ಲ ಅಷ್ಟೇ.

ಆರೂವರೆಗೆ ಮಳೆ ಬಿತ್ತು. ಸುಮ್ಮನೆ ಹನಿ ಅಲ್ಲ, ಆಲಿಕಲ್ಲು ಸಮೇತ. ಕರೆಂಟು ಹೋಯಿತು. ರಿಪೇರಿಯಾಗಿದ್ದ ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ಸಭಾಂಗಣದ ಶೀಟಿನ ಮೇಲೆ ಸದ್ದು ಎಷ್ಟಿತ್ತೆಂದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಕೊನೆಗೆ ಎಲ್ಲರನ್ನೂ ಹಳೇ ಕಾಫಿ ಗೋದಾಮಿಗೆ ಕರೆದುಕೊಂಡು ಹೋದರು. ದಪ್ಪ ಗೋಡೆ, ಹೆಂಚಿನ ಮಾಡು, ಗೋಣಿಚೀಲದ ವಾಸನೆ. ಖಾಲಿ ಚೀಲಗಳನ್ನು ಹಾಸಿಕೊಂಡು ಮಕ್ಕಳು ಕೂತರು. ಅಡುಗೆಮನೆಯವರು ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಕಾಫಿ ತಂದರು.

ಆ ಹಾಳೆ ಒದ್ದೆಯಾಗಿ ಎಲ್ಲೋ ಬಿತ್ತು. ಯಾರೂ ಹುಡುಕಲಿಲ್ಲ. ಅಪ್ಪನ ತೋಟಕ್ಕೆ ಮಳೆ ಬೇಕು ಅಂತ ಚೀಟಿ ಬರೆದವಳು ತಾನೇ ಎದ್ದು ನಿಂತಳು. ಮೂಡಿಗೆರೆ ಕಡೆಯ ಹುಡುಗಿ. "ಅಪ್ಪನ ಪ್ರಾರ್ಥನೆ ಪಾಸ್ ಆಯ್ತು, ನಿಮ್ದು ಫೇಲ್" ಅಂದಳು. ನಗು, ಚಪ್ಪಾಳೆ. ಆಗ ಮೂಲೆಯಿಂದ ಇನ್ನೊಬ್ಬ, "ಹಾಗಾದ್ರೆ ಇಲ್ಲಿನ ಹೂವು ಹಾಳಾಯ್ತಲ್ಲ, ರೈಟರ್ ಅಂಕಲ್ ಏನ್ ಮಾಡಿದ್ರು ಪಾಪ?" ಅಂದ. ಅಲ್ಲಿಂದ ಮಾತು ಹೊರಟಿತು. ಅಜ್ಜನಿಗೆ ಕ್ಯಾನ್ಸರ್ ಬಂದಾಗ ಒಂಬತ್ತು ದಿನದ ಪ್ರಾರ್ಥನೆ ಮಾಡಿದರೂ ಅಜ್ಜ ಉಳಿಯಲಿಲ್ಲ ಅಂತ ಒಬ್ಬಳು. ಪಿಯುಸಿಯಲ್ಲಿ ಕೆಮಿಸ್ಟ್ರಿ ಹೋಗುತ್ತೆ ಅಂತ ಗೊತ್ತಿದ್ದೂ ಮೇಣದಬತ್ತಿ ಹಚ್ಚಿದೆ ಅಂತ ಇನ್ನೊಬ್ಬ. ಕೇಳಿದ್ದು ಸಿಗದಿದ್ದರೆ ಪ್ರಾರ್ಥನೆ ಯಾಕೆ? ಫಾದರ್ ಹೆಚ್ಚು ಮಾತಾಡಲಿಲ್ಲ. "ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ, ಈ ಕಷ್ಟ ತಪ್ಪಿಸು ಅಂತ ಯೇಸು ಕೇಳಿದ್ದೂ ಸಿಗಲಿಲ್ಲ" ಅಂತ ಒಂದು ಮಾತು ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತು ಬರೀ ಮಳೆ ಸದ್ದು. ಆಮೇಲೆ ಕೆಮಿಸ್ಟ್ರಿ ಹುಡುಗ, "ಹೌದಲ್ವಾ" ಅಂದ.

ಅವತ್ತು ಯಾರೂ ಅಳಲಿಲ್ಲ. ಹತ್ತೂವರೆಗೆ ಕಳಿಸಿದರು, ಎದ್ದು ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಫಾದರ್, ಸಿಸ್ಟರ್, ನಾನು ಉಳಿದ ಕಾಫಿ ಕುಡಿಯುತ್ತಾ ಕೂತೆವು. ನನ್ನ ಅನುಮಾನ ನೇರವಾಗಿಯೇ ಕೇಳಿದೆ. ಇದೆಲ್ಲ ಎಷ್ಟು ದಿನ ಉಳಿಯುತ್ತೆ ಫಾದರ್?

ಅವರು ಸಮರ್ಥನೆ ಮಾಡಿಕೊಳ್ಳಲಿಲ್ಲ. "ಶಿಬಿರ ಒಂದರಿಂದಲೇ ಉಳಿಯಲ್ಲ ಮೇಡಂ. ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಆಗಿದೆ" ಅಂದರು. ಕ್ರಿಶ್ಚಿಯನ್ ಸ್ಮಿತ್ ಅನ್ನುವ ಸಮಾಜಶಾಸ್ತ್ರಜ್ಞರ ಮುಂದಾಳತ್ವದಲ್ಲಿ ನಡೆದದ್ದು. 2002ರಿಂದ ಶುರು ಮಾಡಿ 13ರಿಂದ 17 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದರು. ಅವರೇ ದೊಡ್ಡವರಾದ ಮೇಲೆ ಮತ್ತೆ ಹುಡುಕಿ ಮಾತಾಡಿಸಿದರು. ಮಕ್ಕಳ ನಂಬಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಇರುವುದು ತಂದೆ ತಾಯಿಯದು ಅಂತ ಕಂಡುಬಂತು. "ನಾವು ಇಲ್ಲಿ ಏನೇ ಮಾಡಿದ್ರೂ ಮನೆಗೆ ಹೋದಾಗ ಅಲ್ಲಿ ಯಾರೂ ಕೇಳದಿದ್ರೆ ಮುಗೀತು. ಅದಕ್ಕೇ ನಿಮ್ಮಂಥವರನ್ನ ಕರ್ಕೊಂಡು ಬರೋದು."

ಸಿಸ್ಟರ್ ಇನ್ನೊಂದು ಮಾತು ಸೇರಿಸಿದರು. ಇವರಲ್ಲಿ ಅರ್ಧಕ್ಕರ್ಧ ಮಕ್ಕಳು ಇನ್ನೆರಡು ವರ್ಷದಲ್ಲಿ ಬೆಂಗಳೂರಿನ ಪಿಜಿಗಳಲ್ಲಿ ಇರುತ್ತಾರೆ. ಭಾನುವಾರ ಬೆಳಿಗ್ಗೆ ಎಬ್ಬಿಸಲು ಅಮ್ಮ ಇರುವುದಿಲ್ಲ. ನಿಜವಾದ ಪರೀಕ್ಷೆ ಅಲ್ಲಿ ಅಂದರು.

ಭಾನುವಾರ

ಬೆಳಿಗ್ಗೆ ಬಿಸಿಲು. ಕಾಫಿ ಗಿಡಗಳಲ್ಲಿ ಬೆಳ್ಳಗಿದ್ದ ಹೂವು ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡಿತ್ತು. ರೈಟರು ಸಿಕ್ಕರು. "ಹೂವಾಗಿ ಮೂರು ದಿನ ಆಗಿತ್ತು, ಪೂರ್ತಿ ನಷ್ಟ ಆಗಿರಲ್ಲ ಬಿಡಿ ಮೇಡಂ. ಆಲಿಕಲ್ಲು ಬಿದ್ದಿದ್ದೇ ಬೇಜಾರು" ಅಂದರು. ಹಿಂದಿನ ರಾತ್ರಿ ಅವರ ಬಗ್ಗೆ ಕೇಳಿದ್ದ ಹುಡುಗ ಬೆಳಿಗ್ಗೆ ಎದ್ದವನೇ ಬೇಲಿವರೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದನಂತೆ. ಇದನ್ನು ಅವರೇ ನನಗೆ ಹೇಳಿದರು, ಸ್ವಲ್ಪ ಖುಷಿಯಿಂದಲೇ.

ಈಸ್ಟರ್ ಆದ ಮುಂದಿನ ಭಾನುವಾರ ಪೂಜೆಯಲ್ಲಿ ಓದುವ ಶುಭಸಂದೇಶ ಪ್ರತಿ ವರ್ಷವೂ ಒಂದೇ, ಯೇಸುವಿನ ಶಿಷ್ಯ ತೋಮನದು. ಯೇಸು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬುವುದಿಲ್ಲ ಅಂದ. ಸಾಮಾನ್ಯವಾಗಿ ಪ್ರಸಂಗದಲ್ಲಿ ತೋಮನಿಗೆ ಬೈಗುಳವೇ. ಅವತ್ತು ಫಾದರ್ ಬೇರೆ ಕಡೆ ಬೆರಳು ತೋರಿಸಿದರು. ಅನುಮಾನ ಇದ್ದರೂ ಆ ಒಂದು ವಾರ ಉಳಿದವರು ತೋಮನನ್ನು ಹೊರಗೆ ಹಾಕಲಿಲ್ಲ, ಅವನೂ ಬಿಟ್ಟು ಹೋಗಲಿಲ್ಲ. ಎಂಟು ದಿನದ ಮೇಲೆ ಅದೇ ಮನೆಯಲ್ಲಿ ಅವರ ಜೊತೆಯೇ ಇದ್ದ, ಅದಕ್ಕೇ ನೋಡಿದ. ಇಷ್ಟೇ ಪ್ರಸಂಗ. ಐದು ನಿಮಿಷ ಇರಬಹುದು. ಎಷ್ಟೋ ವರ್ಷಗಳಿಂದ ಕೇಳಿದ ಕತೆ, ಈ ಕಡೆಯಿಂದ ನಾನು ಯಾವತ್ತೂ ನೋಡಿರಲಿಲ್ಲ.

ಅಕ್ಕಿ ಡಬ್ಬದಿಂದ ಫೋನು ಹೊರಬಂದವು. ಎಲ್ಲ ಚಾರ್ಜು ಸತ್ತಿದ್ದವು. ನಂಬರುಗಳನ್ನು ಹಾಡಿನ ಪುಸ್ತಕದ ಹಿಂದೆ ಪೆನ್ನಲ್ಲಿ ಬರೆದುಕೊಂಡರು. ಬರುವಾಗ ಚಿಕ್ಕಮಗಳೂರಲ್ಲಿ ಬಸ್ಸು ನಿಲ್ಲಿಸಿ ಒಂದು ಕಾಫಿ, ಮನೆಗೆ ಅರ್ಧ ಕೆಜಿ ಪುಡಿ. ಚಿಕೋರಿ ಬೇಡ ಅಂತ ಮೊದಲೇ ಹೇಳಿ ಪುಡಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಬೆರೆಸಿಯೇ ಕೊಡುತ್ತಾರೆ. ಬೇಲೂರು ದಾಟುವಾಗ ಬಸ್ಸಿನಲ್ಲಿ ಎಚ್ಚರವಿದ್ದವರು ಡ್ರೈವರ್ ಮತ್ತು ನಾನು.

ಬಂದ ಮೇಲಿನ ಕತೆಯನ್ನೂ ಹೇಳಬೇಕು. ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಶಿಬಿರದ ಅಷ್ಟೂ ಮಕ್ಕಳು ಮುಂದಿನ ಬೆಂಚಲ್ಲಿ. ಮೇ ಮುಗಿಯುವ ಹೊತ್ತಿಗೆ ಸಿಇಟಿ, ಕೌನ್ಸೆಲಿಂಗ್, ಅಜ್ಜಿ ಮನೆ ಅಂತ ಸಂಖ್ಯೆ ಇಳಿಯಿತು. ವಾಟ್ಸಾಪ್ ಗುಂಪಿನಲ್ಲಿ ಬೈಬಲ್ ವಾಕ್ಯಕ್ಕಿಂತ ಕ್ರಿಕೆಟ್ ಸ್ಕೋರು ಜಾಸ್ತಿ ಅಂತ ಮಗಳು ದೂರುತ್ತಾಳೆ. ನನಗೆ ಅದು ಒಳ್ಳೆಯದೇ ಅನ್ನಿಸುತ್ತದೆ. ಗುಂಪು ಇನ್ನೂ ಇದೆಯಲ್ಲ. ಅಪ್ಪನ ಬಗ್ಗೆ ಚೀಟಿ ಬರೆದ ಮಗು ಸಿಸ್ಟರ್ ಹತ್ತಿರ ಹೋಗಿ ಮಾತಾಡಿದೆ. ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬಾಳೆಹೊನ್ನೂರು ಕಡೆಯ ಹುಡುಗ. ಬೆಂಗಳೂರಲ್ಲಿ ಡಿಪ್ಲೊಮಾಗೆ ಸೀಟು ಸಿಕ್ಕಿದೆಯಂತೆ, ಪೀಣ್ಯದ ಹತ್ತಿರ ಪಿಜಿ.

"ಆಂಟಿ, ಅಲ್ಲಿ ಹತ್ರದಲ್ಲಿ ಕನ್ನಡ ಪೂಜೆ ಎಲ್ಲಿದೆ ಗೊತ್ತಾ? ಕೆಮಿಸ್ಟ್ರಿ ಹೋಗಿದ್ದವನೂ ಅಲ್ಲೇ ಇದ್ದಾನೆ, ಇಬ್ರೂ ಹೋಗೋಣ ಅಂತ."

ನನಗೆ ಗೊತ್ತಿರಲಿಲ್ಲ. ಬೆಂಗಳೂರಿನ ನನ್ನ ತಂಗಿಯ ನಂಬರ್ ಕೊಟ್ಟೆ, ಅವಳು ದಾಸರಹಳ್ಳಿಯಲ್ಲಿದ್ದಾಳೆ. ಭಾನುವಾರ ಊಟಕ್ಕೂ ಅಲ್ಲೇ ಹೋಗಿ ಅಂದೆ. "ನಾನ್‌ವೆಜ್ ಮಾಡ್ತಾರಾ ಆಂಟಿ?" ಅಂದ.